ಎಚ್‌ಐವಿ ಇರುವುದನ್ನು ಸಂಗಾತಿಗೆ ಹೇಳದಿದ್ದರೆ ಜೈಲೇ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗದ ಕಡೆ ಕಾನೂನು ಅರಿವು ಕಾರ್ಯಕ್ರಮಗಳಿಗೆ ಹೋದಾಗ ಮೈಕ್ ಮುಂದೆ ಈ ವಿಷಯ ಎತ್ತುವವರು ಕಡಿಮೆ. ಕಾರ್ಯಕ್ರಮ ಮುಗಿದು ಕುರ್ಚಿ ಜೋಡಿಸಿಡುವ ಹೊತ್ತಿಗೆ ಒಬ್ಬೊಬ್ಬರೇ ಪಕ್ಕಕ್ಕೆ ಕರೆದು ಕೇಳುತ್ತಾರೆ. ಉಳಿದವು ಹೆಸರಿಲ್ಲದ ಚೀಟಿಯಲ್ಲಿ, ರಾತ್ರಿ ಹತ್ತರ ಮೇಲಿನ ವಾಟ್ಸಾಪ್ ಸಂದೇಶಗಳಲ್ಲಿ ಬರುತ್ತವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ, ಗುರುತು ಹತ್ತುವಂಥದ್ದನ್ನು ತೆಗೆದಿದ್ದೇನೆ. ನಾನು ವಕೀಲೆ, ಡಾಕ್ಟರ್ ಅಲ್ಲ. ಔಷಧದ ವಿಷಯದಲ್ಲಿ ನಿಮ್ಮ ಎಆರ್‌ಟಿ ಕೇಂದ್ರದವರ, ಅಂದರೆ ಎಚ್‌ಐವಿ ಔಷಧ ಕೊಡುವ ಕೇಂದ್ರದವರ, ಮಾತೇ ಅಂತಿಮ.

## ಬುಡದಿಂದ ಶುರು

ಮೇಡಂ, ಎಚ್‌ಐವಿ ಇರೋದು ಹೇಳದೆ ಸೇರಿದ್ರೆ ನಮ್ ದೇಶದಾಗ ಅಪರಾಧ ಹೌದೋ ಅಲ್ಲೋ? ಸುತ್ತಿ ಬಳಸದೆ ಹೇಳ್ರಿ.

ಹೇಳಲಿಲ್ಲ ಎಂಬ ಒಂದೇ ಕಾರಣಕ್ಕೆ ಶಿಕ್ಷೆ ಕೊಡುವ ಕಲಂ ಭಾರತದಲ್ಲಿಲ್ಲ. ಆದರೆ ಜೀವಕ್ಕೆ ಅಪಾಯ ತರುವ ಕಾಯಿಲೆ ಹರಡಬಹುದೆಂದು ಗೊತ್ತಿದ್ದೂ ನಿರ್ಲಕ್ಷ್ಯದಿಂದ ನಡೆದುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 271ನೇ ಕಲಂ ಇದೆ, 6 ತಿಂಗಳವರೆಗೆ ಸಜೆ. ದುರುದ್ದೇಶದಿಂದಲೇ ಮಾಡಿದ್ದಾದರೆ 272ನೇ ಕಲಂ, 2 ವರ್ಷದವರೆಗೆ. 2024ರ ಜುಲೈ 1ಕ್ಕೆ ಮುಂಚೆ ಇವೇ ಐಪಿಸಿಯ 269 ಮತ್ತು 270 ಆಗಿದ್ದವು. ಎಚ್‌ಐವಿ ಎಂಬ ಹೆಸರೇ ಅವುಗಳಲ್ಲಿಲ್ಲ. 1860ರಲ್ಲಿ ಪ್ಲೇಗು, ಕಾಲರಾ ಕಾಲದಲ್ಲಿ ಬರೆದವು. ಕೋವಿಡ್ ಬಂದಾಗ ಕ್ವಾರಂಟೈನ್ ತಪ್ಪಿಸಿಕೊಂಡವರ ಮೇಲೆ ಹಾಕಿದ್ದೂ ಇವನ್ನೇ.

ಹಾಗಾದರೆ ಗಲಾಟೆ ಯಾವುದಕ್ಕೆ? "ಇಷ್ಟು ಸಾಲದು, ಹೇಳದೆ ಇರುವುದನ್ನೇ ಅಪರಾಧ ಮಾಡಿ" ಎನ್ನುವವರು ನಮ್ಮಲ್ಲೂ ಇದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅವರ ಮದ್ದು ಮಾತ್ರ ಸರಿಯಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಯಾಕೆಂದು ಮುಂದೆ ಬರುತ್ತದೆ.

ಒಂದ್ ಸಲ ಸೇರಿದ್ರೆ ಸಾಕು, ಬಂದೇ ಬರುತ್ತೆ ಅಲ್ವಾ?

ಇಲ್ಲ. ಔಷಧ ತೆಗೆದುಕೊಳ್ಳದ ಸೋಂಕಿತ ಗಂಡಸಿನ ಜೊತೆ ಕಾಂಡೋಮ್ ಇಲ್ಲದೆ ಯೋನಿ ಸಂಭೋಗ ನಡೆದರೆ ಹೆಣ್ಣಿಗೆ ತಗುಲುವ ಸಂಭವ ಸರಾಸರಿ 10,000ಕ್ಕೆ ಸುಮಾರು 8 ಸಲ. ಹೆಣ್ಣಿನಿಂದ ಗಂಡಿಗೆ ಅದರ ಅರ್ಧ. ಗುದ ಸಂಭೋಗದಲ್ಲಿ ಒಳಪಡುವವರಿಗೆ ಅಪಾಯ ಬಹಳ ಹೆಚ್ಚು, 10,000ಕ್ಕೆ 138ರಷ್ಟು. ಇದು ಸರಾಸರಿ ಮಾತ್ರ. ಸೋಂಕು ಹೊಸದಾಗಿ ತಗುಲಿದ ವಾರಗಳಲ್ಲಿ, ಬೇರೆ ಗುಪ್ತರೋಗದ ಹುಣ್ಣುಗಳಿದ್ದಾಗ ಈ ಲೆಕ್ಕ ಹಲವು ಪಟ್ಟು ಏರುತ್ತದೆ. ಮೊದಲನೇ ಸಲವೇ ತಗುಲಿದವರೂ ಇದ್ದಾರೆ, ಅವರಿಗೆ ಈ ಸರಾಸರಿಯಿಂದ ಏನೂ ಸಮಾಧಾನವಿಲ್ಲ. ಉಗುಳಿನಿಂದ, ಒಂದೇ ತಟ್ಟೆಯಲ್ಲಿ ಉಂಡರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ.

ಮಾತ್ರೆ ನುಂಗ್ತಿದ್ರೆ ಇನ್ನೊಬ್ಬರಿಗೆ ಹರಡೋದೇ ಇಲ್ಲ ಅಂತಾರೆ. ಇದು ನಿಜಾನಾ, ಇಲ್ಲ ಸಮಾಧಾನಕ್ಕೆ ಹೇಳೋ ಮಾತಾ?

ನಿಜ. ಇಡೀ ಚರ್ಚೆ ನಿಂತಿರುವುದೂ ಈ ಸಂಗತಿಯ ಮೇಲೆಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದಿನ ತಪ್ಪದೆ ಎಆರ್‌ಟಿ ತೆಗೆದುಕೊಂಡರೆ ರಕ್ತದಲ್ಲಿನ ವೈರಸ್ಸಿನ ಪ್ರಮಾಣ, ಅಂದರೆ ವೈರಲ್ ಲೋಡ್, ಸಾಮಾನ್ಯವಾಗಿ ಆರು ತಿಂಗಳೊಳಗೆ ತೀರಾ ಕೆಳಗಿಳಿಯುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ 200ಕ್ಕಿಂತ ಕಡಿಮೆ ಪ್ರತಿಗಳಿದ್ದು ಅದು ಹಾಗೇ ನಿಂತರೆ ಲೈಂಗಿಕವಾಗಿ ಸಂಗಾತಿಗೆ ದಾಟುವುದಿಲ್ಲ. ಯುರೋಪಿನಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದ 'ಪಾರ್ಟ್ನರ್' ಅಧ್ಯಯನದ ಫಲಿತಾಂಶ 2016ರಲ್ಲಿ, ಅದರ ಎರಡನೇ ಹಂತದ್ದು 2019ರಲ್ಲಿ ಬಂತು. ಎರಡನೇ ಹಂತದಲ್ಲಿ ಗಂಡು-ಗಂಡು ಜೋಡಿಗಳೇ ಇದ್ದವು. ಕಾಂಡೋಮ್ ಇಲ್ಲದ ಸಂಭೋಗ 76,000ಕ್ಕೂ ಹೆಚ್ಚು ಸಲ ನಡೆದಿತ್ತು. ಸಂಗಾತಿಯಿಂದ ದಾಟಿದ ಸೋಂಕು ಒಂದೂ ಇರಲಿಲ್ಲ.

ಷರತ್ತು ಇದೆ. "ಮಾತ್ರೆ ತಗೊಳ್ತೀನಿ" ಅನ್ನುವುದು ಸಾಲದು, ವೈರಲ್ ಲೋಡ್ ಪರೀಕ್ಷೆಯ ಚೀಟಿ ಹಾಗೆ ಹೇಳಬೇಕು. ಸುಗ್ಗಿ ಅಂತ, ದೂರದ ಲಾರಿ ಲೋಡ್ ಅಂತ, ಮದುವೆ ಮನೆ ಅಂತ ತಿಂಗಳುಗಟ್ಟಲೆ ಬಿಟ್ಟರೆ ವೈರಸ್ಸು ಮತ್ತೆ ಏಳುತ್ತದೆ. ಸಿಫಿಲಿಸ್‌ನಂಥ ಬೇರೆ ರೋಗಗಳನ್ನು ಈ ಮಾತ್ರೆ ತಡೆಯುವುದಿಲ್ಲ. ಸರ್ಕಾರಿ ಕೇಂದ್ರಗಳಲ್ಲಿ ಈ ಔಷಧ 2004ರಿಂದಲೂ ಉಚಿತ. ಮೊದಲು ಸಿಡಿ4 ಎಂಬ ರೋಗನಿರೋಧಕ ಕಣಗಳ ಲೆಕ್ಕ ಇಳಿಯುವವರೆಗೆ ಕಾಯಿಸುತ್ತಿದ್ದರು, 2017ರಿಂದ ಸೋಂಕು ಪತ್ತೆಯಾದ ಕೂಡಲೇ ಕೊಡುತ್ತಾರೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ, ಚಿತ್ರದುರ್ಗದಲ್ಲಿ ಜಿಲ್ಲಾಸ್ಪತ್ರೆಯಲ್ಲಿ ಎಆರ್‌ಟಿ ಕೇಂದ್ರಗಳಿವೆ.

ತಪ್ಪು ಮಾಡಿಲ್ಲ ಅಂದ್ಮೇಲೆ ಮುಚ್ಚಿಡೋದ್ಯಾಕೆ? ಶುಗರ್, ಬಿಪಿ ಇದ್ದೋರು ಹೇಳ್ಕೊಳ್ಳಲ್ವಾ?

ಶುಗರ್ ಬಂತೆಂದು ಯಾರನ್ನೂ ಮನೆಯಿಂದ ಹೊರಗೆ ಹಾಕುವುದಿಲ್ಲ. ಎಆರ್‌ಟಿ ಮಾತ್ರೆ ಬರುವುದು ಮೂವತ್ತರ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಬಸ್ಸಿನಲ್ಲಿ ಚೀಲದೊಳಗೆ ಅದು ಗಲಗಲ ಎನ್ನಬಾರದೆಂದು ಒಳಗೆ ಹತ್ತಿ ತುರುಕಿಕೊಳ್ಳುತ್ತಾರೆ. ಮನೆ ಮುಟ್ಟುವ ಮುಂಚೆಯೇ ಲೇಬಲ್ಲನ್ನು ಉಗುರಿನಿಂದ ಕೆರೆದು ಕಿತ್ತು, ಮಾತ್ರೆಗಳನ್ನು ಕ್ಯಾಲ್ಸಿಯಂ ಡಬ್ಬಿಗೆ ಸುರಿದುಕೊಳ್ಳುವ ಹೆಂಗಸರನ್ನು ನಾನು ಬಲ್ಲೆ. ದಾವಣಗೆರೆಯವರು ಪರಿಚಯದವರು ಕಂಡಾರೆಂದು ಚಿತ್ರದುರ್ಗದ ಕೇಂದ್ರಕ್ಕೆ ಹೋಗುತ್ತಾರೆ, ದುರ್ಗದವರು ದಾವಣಗೆರೆಗೆ ಬರುತ್ತಾರೆ. ನಡುವೆ ಅರವತ್ತು ಕಿಲೋಮೀಟರ್ ಇದೆ, ಕೂಲಿ ಬಿಟ್ಟು ಒಂದು ದಿನ ಹೋಗುತ್ತದೆ.

ಹೇಳಿದ ಮೇಲೆ ಏನಾಗುತ್ತದೆ ಎಂಬುದು ಇವರಿಗೆ ಊಹೆಯಲ್ಲ, ಪಕ್ಕದ ಬೀದಿಯಲ್ಲಿ ನೋಡಿದ್ದು. ಮುಚ್ಚಿಡುವ ಎಲ್ಲರೂ ಮೋಸಗಾರರಲ್ಲ. ಎಲ್ಲರೂ ಅಮಾಯಕರೂ ಅಲ್ಲ.

## ಈಗಿರುವ ಕಾನೂನು

ಹೇಳಲೇಬೇಕು ಅಂತ ಹೊಸ ಕಾಯ್ದೆಯಲ್ಲಿ ಬರೆದಿದೆ ಅಂತ ನಮ್ಮೂರ ಮೇಷ್ಟ್ರು ಅಂದ್ರು. ಹೌದಾ?

ಮೇಷ್ಟ್ರು ಅರ್ಧ ಸರಿ. ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2017ರಲ್ಲಿ ಆಯಿತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ 10ನೇ ಕಲಂ ಪ್ರಕಾರ, ಸೋಂಕಿದೆಯೆಂದು ಗೊತ್ತಿದ್ದು ಅದು ಹೇಗೆ ಹರಡುತ್ತದೆ ಎಂಬ ತಿಳಿವಳಿಕೆ ಇರುವವರು ಇನ್ನೊಬ್ಬರಿಗೆ ಹರಡದಂತೆ ಸೂಕ್ತ ಎಚ್ಚರಿಕೆ ತೆಗೆದುಕೊಳ್ಳಬೇಕು. ಅಪಾಯ ತಗ್ಗಿಸುವ ಕ್ರಮ ಅನುಸರಿಸುವುದು ಒಂದು ದಾರಿ, ಲೈಂಗಿಕ ಸಂಪರ್ಕಕ್ಕೆ ಮುಂಚೆ ತಿಳಿಸುವುದು ಇನ್ನೊಂದು. ಹೇಳುವುದನ್ನೇ ಏಕೈಕ ಕರ್ತವ್ಯವಾಗಿ ಕಾಯ್ದೆ ಕಟ್ಟಿಹಾಕಿಲ್ಲ.

ಅದೇ ಕಲಮಿನಲ್ಲಿ ಇನ್ನೂ ಒಂದು ಮಾತಿದೆ, ಅದನ್ನು ಭಾಷಣಗಳಲ್ಲಿ ಬಿಟ್ಟೇ ಬಿಡುತ್ತಾರೆ. ಹೆಣ್ಣಿಗೆ ಹೊಡೆತ ಬೀಳುವ, ಮನೆಯಿಂದ ದೂಡುವ, ಅವಳಿಗೋ ಮಕ್ಕಳಿಗೋ ಗಂಭೀರ ಹಾನಿಯಾಗುವ ಭಯಕ್ಕೆ ತಕ್ಕ ಕಾರಣವಿದ್ದರೆ ಲೈಂಗಿಕ ಸಂಪರ್ಕದ ವಿಷಯದಲ್ಲಿ ಈ ಹೊಣೆ ಅವಳ ಮೇಲಿಲ್ಲ. ಇನ್ನು, 10ನೇ ಕಲಂ ಮೀರಿದ್ದಕ್ಕೆಂದು ಕಾಯ್ದೆ ಪ್ರತ್ಯೇಕ ಶಿಕ್ಷೆ ಇಟ್ಟಿಲ್ಲ. ಸೋಂಕಿತರ ವಿರುದ್ಧ ದ್ವೇಷ ಹರಡುವವರಿಗೆ ಮಾತ್ರ 3 ತಿಂಗಳಿಂದ 2 ವರ್ಷದವರೆಗೆ ಸಜೆ ಇದೆ.

ಗಂಡನ ರಿಪೋರ್ಟ್ ಡಾಕ್ಟ್ರ ಕೈಯಲ್ಲೇ ಇತ್ತು. ನನಗ್ಯಾಕೆ ಹೇಳ್ಲಿಲ್ಲ? ಅವರೂ ಪಾಲುದಾರರೇ ಅಲ್ವಾ?

ಡಾಕ್ಟರ್ ಮನಸ್ಸಿಗೆ ಬಂದಂತೆ ಹೇಳುವಂತಿಲ್ಲ. ಹಾಗಂತ ಬಾಯಿಗೆ ಬೀಗವನ್ನೂ ಹಾಕಿಲ್ಲ. ಅದೇ ಕಾಯ್ದೆಯ 9ನೇ ಕಲಂ ಒಂದು ಕ್ರಮ ಹಾಕಿಕೊಟ್ಟಿದೆ. ಸಂಗಾತಿಗೆ ಗಣನೀಯ ಅಪಾಯವಿದೆ ಎಂದು ಡಾಕ್ಟರಿಗೋ ಕೌನ್ಸೆಲರ್‌ಗೋ ಅನಿಸಬೇಕು. ನೀವೇ ಹೇಳಿ ಎಂದು ಸೋಂಕಿತರಿಗೆ ಮೊದಲು ತಿಳಿಹೇಳಿರಬೇಕು. ಅವರು ಹೇಳುವುದಿಲ್ಲ ಎಂಬುದು ಖಾತ್ರಿಯಾಗಬೇಕು. "ನಾನೇ ತಿಳಿಸುತ್ತೇನೆ" ಎಂದು ಅವರಿಗೆ ಮುನ್ಸೂಚನೆ ಕೊಡಬೇಕು. ಆಮೇಲೆ ಸಂಗಾತಿಯನ್ನು ಕರೆಸಿ, ಆಪ್ತಸಮಾಲೋಚನೆ ಮಾಡಿ, ಎದುರಿಗೇ ಕೂತು ಹೇಳಬೇಕು. ಫೋನಿನಲ್ಲಿ ಅಲ್ಲ, ಅತ್ತೆಯ ಮೂಲಕ ಅಲ್ಲ. ನರ್ಸ್, ಲ್ಯಾಬಿನವರು, ಆಶಾ ಕಾರ್ಯಕರ್ತೆ ಯಾರಿಗೂ ಈ ಅಧಿಕಾರವಿಲ್ಲ. ಹೇಳಿದರೆ ಸೋಂಕಿತ ಹೆಣ್ಣಿಗೆ ಹಿಂಸೆಯಾದೀತು ಎಂಬ ಭಯವಿದ್ದರೆ ಡಾಕ್ಟರೂ ಹೇಳಕೂಡದು.

ಈ ಕ್ರಮ ಕಾಗದದಲ್ಲಿ ಚೆನ್ನಾಗಿದೆ. ಜನ ತುಂಬಿದ ಕೇಂದ್ರದಲ್ಲಿ ಒಬ್ಬ ಕೌನ್ಸೆಲರ್ ಎಷ್ಟು ಜೋಡಿಗಳ ಹಿಂದೆ ಬಿದ್ದಾರು? ಜೈಲಿನ ಕಾನೂನು ಬೇಕೆಂದು ಕೂಗುವ ಶಾಸಕರು ಕೌನ್ಸೆಲರ್ ಹುದ್ದೆ ತುಂಬಿ ಎಂದು ಒಂದು ಸಲ ಕೂಗಿದ್ದರೆ ನಾನು ಅವರಿಗೆ ಹಾರ ಹಾಕುತ್ತಿದ್ದೆ.

ಹುಡುಗನ ಕಡೆಯೋರು ಮುಚ್ಚಿಟ್ಟು ಮದುವೆ ಮಾಡಿದ್ರು. ಮಗಳಿಗೆ ಆ ಮದುವೆ ರದ್ದಾಗುತ್ತಾ?

ಆಗಬಹುದು, ಆದರೆ ತಡಮಾಡಬೇಡಿ. ಹಿಂದೂ ವಿವಾಹ ಕಾಯ್ದೆಯ 12ನೇ ಕಲಂ ಪ್ರಕಾರ ಮುಖ್ಯ ಸಂಗತಿಯನ್ನು ವಂಚನೆಯಿಂದ ಮುಚ್ಚಿಟ್ಟು ಒಪ್ಪಿಗೆ ಪಡೆದಿದ್ದರೆ ಮದುವೆಯನ್ನು ರದ್ದು ಮಾಡಿಸಿಕೊಳ್ಳಬಹುದು. ವಂಚನೆ ಗೊತ್ತಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಗೊತ್ತಾದ ಮೇಲೂ ಒಪ್ಪಿ ಸಂಸಾರ ಮುಂದುವರಿಸಿದ್ದರೆ ಈ ದಾರಿ ಮುಚ್ಚಿಹೋಗುತ್ತದೆ. ನಮ್ಮಲ್ಲಿ ಎಡವುವುದೇ ಇಲ್ಲಿ. ಹಿರಿಯರು ಕೂತು ಪಂಚಾಯಿತಿ ಮಾಡಿ "ಸ್ವಲ್ಪ ದಿನ ನೋಡೋಣಮ್ಮಾ" ಎಂದು ಮಗಳನ್ನು ವಾಪಸ್ ಕಳಿಸುತ್ತಾರೆ, ವರ್ಷ ಉರುಳುತ್ತದೆ. ವಿಶೇಷ ವಿವಾಹ ಕಾಯ್ದೆಯಲ್ಲೂ ವಂಚನೆಗೆ ಇಂಥದ್ದೇ ಅವಕಾಶ, ಇಂಥದ್ದೇ ಗಡುವು ಇದೆ.

ಒಂದು ಹಳೆಯ ಗೊಂದಲವನ್ನೂ ಬಿಡಿಸಿಬಿಡುತ್ತೇನೆ. 1998ರಲ್ಲಿ ಸುಪ್ರೀಂ ಕೋರ್ಟು, ಮದುವೆ ನಿಶ್ಚಯವಾಗಿದ್ದವರೊಬ್ಬರ ಸೋಂಕಿನ ವಿಷಯ ಆಸ್ಪತ್ರೆಯಿಂದ ಹೊರಬಿದ್ದದ್ದು ತಪ್ಪಲ್ಲ ಎಂದಿತು. ಅಷ್ಟಕ್ಕೇ ನಿಲ್ಲದೆ ಸೋಂಕಿತರ ಮದುವೆಯ ಹಕ್ಕೇ ಅಮಾನತಿನಲ್ಲಿದ್ದಂತೆ ಎಂದೂ ಬರೆಯಿತು. 2002ರಲ್ಲಿ ಅದೇ ಕೋರ್ಟು ಮದುವೆಯ ಹಕ್ಕಿನ ಕುರಿತ ಆ ಮಾತುಗಳು ಅಗತ್ಯವಿರಲಿಲ್ಲ ಎಂದು ಬದಿಗಿಟ್ಟಿತು. ಸೋಂಕಿತರು ಮದುವೆಯಾಗಬಹುದು. ಎದುರಿನವರಿಗೆ ತಿಳಿದಿರಬೇಕು, ಅಷ್ಟೆ.

ಮದುವೆಗೆ ಮುಂಚೆ ಎಲ್ಲರಿಗೂ ಟೆಸ್ಟ್ ಕಡ್ಡಾಯ ಮಾಡಿದ್ರೆ ಕಥೆ ಮುಗೀತಲ್ಲ?

ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಎಚ್‌ಐವಿ ಕಾಯ್ದೆಯ 5ನೇ ಕಲಂ. ಇಬ್ಬರೂ ಮಾತಾಡಿಕೊಂಡು ಐಸಿಟಿಸಿಗೆ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಮಾಲೋಚನೆಯ ಸರ್ಕಾರಿ ಕೇಂದ್ರಕ್ಕೆ, ಹೋಗಿ ಮಾಡಿಸಿಕೊಂಡರೆ ಯಾರೂ ಬೇಡವೆನ್ನುವುದಿಲ್ಲ, ಉಚಿತವೂ ಹೌದು. ಜಾತಕ ತೋರಿಸುವಷ್ಟು ಸಲೀಸಾಗಿ ಈ ಚೀಟಿಯನ್ನೂ ಕೇಳುವಂತಾದರೆ ಒಳ್ಳೆಯದೇ. ಆದರೆ ಹೊಸ ಸೋಂಕು ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಲು ಕೆಲವು ವಾರ ಬೇಕು, ಮೂರು ತಿಂಗಳವರೆಗೂ ಹೋಗಬಹುದು. ಮದುವೆಯಾದ ಮೇಲೆ ತಗುಲುವುದನ್ನು ಮದುವೆಯ ಮುಂಚಿನ ಚೀಟಿ ತಡೆಯುವುದಿಲ್ಲ.

ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಟ್ರೆ ಏನಾಗುತ್ತೆ? ಪೇಪರ್‌ನಲ್ಲಿ ಹೆಸರು ಬರುತ್ತಾ?

ಭಾರತೀಯ ನ್ಯಾಯ ಸಂಹಿತೆಯ 271, 272 ಎರಡೂ ಎಫ್‌ಐಆರ್ ದಾಖಲಿಸಬಹುದಾದ, ಜಾಮೀನು ಸಿಗುವ ಕಲಂಗಳು. ಸಾಬೀತಾಗಬೇಕಾದದ್ದು ಬಹಳ ಇದೆ: ಆ ಹೊತ್ತಿಗೆ ಅವನಿಗೆ ಸೋಂಕಿರುವುದು ಗೊತ್ತಿತ್ತು, ಹರಡುವ ಸಂಭವ ನಿಜವಾಗಿ ಇತ್ತು, ಅವನು ಎಚ್ಚರಿಕೆ ವಹಿಸಲಿಲ್ಲ. 2020ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಒಂದು ಪ್ರಕರಣ ಬಂತು. ಸೋಂಕಿತನೊಬ್ಬ ಮಲಮಗಳ ಮೇಲೆ ಅತ್ಯಾಚಾರ ಮಾಡಿದ್ದ. ಕೆಳಗಿನ ಕೋರ್ಟು ಅತ್ಯಾಚಾರದ ಜೊತೆ ಕೊಲೆಯತ್ನವನ್ನೂ ಸೇರಿಸಿ ಶಿಕ್ಷಿಸಿತ್ತು. ಹೈಕೋರ್ಟು ಅತ್ಯಾಚಾರದ ಶಿಕ್ಷೆ ಉಳಿಸಿಕೊಂಡು ಕೊಲೆಯತ್ನವನ್ನು ತೆಗೆದುಹಾಕಿತು. ಅಷ್ಟು ಹೇಯ ಕೃತ್ಯದಲ್ಲೂ ಸೋಂಕಿದೆ ಎಂಬುದಷ್ಟೇ ಕೊಲೆಯತ್ನವಾಗಲಿಲ್ಲ.

ಹೆಸರಿನ ಭಯಕ್ಕೆ ಎಚ್‌ಐವಿ ಕಾಯ್ದೆಯ 34ನೇ ಕಲಂ ಇದೆ. ಬೇರೆ ಹೆಸರಿನಲ್ಲಿ ಪ್ರಕರಣ ನಡೆಸಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ವಿಚಾರಣೆ ಮಾಡಿ, ಗುರುತು ಪ್ರಕಟವಾಗದಂತೆ ತಡೆಯಿರಿ ಎಂದು ಕೋರ್ಟನ್ನು ಕೇಳಿಕೊಳ್ಳಬಹುದು. ಕೇಳಬೇಕಾದವರು ನಿಮ್ಮ ವಕೀಲರು, ಮೊದಲ ದಿನವೇ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ಫೋನು 15100.

## ವಾದದ ಒಳಗೆ

ಗೊತ್ತಿದ್ದೂ ಹೇಳದೆ ನನ್ನ ಜೀವನ ಹಾಳು ಮಾಡಿದ. ಅವನು ಆರಾಮಾಗಿ ಓಡಾಡ್ಕೊಂಡಿದಾನೆ. ನೀವು ಅವನ ಪರ ಮಾತಾಡ್ತೀರಾ ಅಕ್ಕಾ?

ಇಲ್ಲ ತಂಗಿ, ಅವನ ಪರ ಅಲ್ಲ. ಸೋಂಕು ಇರುವುದು ಗೊತ್ತಿತ್ತು, ಮಾತ್ರೆ ನುಂಗುತ್ತಿರಲಿಲ್ಲ, ನೀನು ಕೇಳಿದಾಗ "ಏನೂ ಇಲ್ಲ" ಎಂದ, ಕಾಂಡೋಮ್ ಬೇಡವೆಂದ, ನಿನಗೆ ತಗುಲಿತು. ಇಷ್ಟೂ ನಿಜವಿದ್ದರೆ ಅವನನ್ನು ಕಟಕಟೆಗೆ ತರಲು ಹೊಸ ಕಾನೂನು ಬೇಕಿಲ್ಲ, ಇರುವುದೇ ಸಾಕು. ಅದನ್ನು ಬಳಸುವ ಹಕ್ಕು ನಿನಗಿದೆ. ಅದರ ಜೊತೆಗೆ ಜೀವನಾಂಶ, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ವಾಸದ ಆದೇಶ, ಚಿಕಿತ್ಸೆ ಮತ್ತು ಓಡಾಟದ ಖರ್ಚು ಕೇಳಬಹುದು. ಎಷ್ಟೋ ಸಲ ಕೈಗೆ ಹತ್ತುವುದು ಇವೇ. ಅವನು ಆರು ತಿಂಗಳು ಒಳಗಿದ್ದು ಬಂದರೆ ನಿನ್ನ ಮನೆ ಬಾಡಿಗೆ ಕಟ್ಟುವವರು ಯಾರು ಎಂಬುದನ್ನೂ ವಕೀಲೆಯಾಗಿ ನಾನು ಕೇಳಲೇಬೇಕು.

ನಾನು ಬೇಡವೆನ್ನುವುದು ಬೇರೆಯದನ್ನು. ನಿನ್ನ ಗಂಡನಂಥವನನ್ನು ಮನಸ್ಸಿನಲ್ಲಿಟ್ಟುಕೊಂಡು "ಹೇಳದವರೆಲ್ಲ ಅಪರಾಧಿಗಳು" ಎಂದು ಬರೆದರೆ ಆ ಬಲೆಯಲ್ಲಿ ಬೇರೆ ಬೇರೆಯವರು ಸಿಕ್ಕಿಬೀಳುತ್ತಾರೆ. ತಪ್ಪದೆ ಮಾತ್ರೆ ನುಂಗಿ, ವೈರಲ್ ಲೋಡ್ ಕಾಣದಷ್ಟು ಇಳಿಸಿಕೊಂಡು, ಕಾಂಡೋಮನ್ನೂ ಬಳಸಿ, ಹೇಳಲು ಮಾತ್ರ ಧೈರ್ಯ ಸಾಲದವನು. ಹೇಳಿದರೆ ಕೊಲ್ಲುತ್ತಾನೆ ಎಂದು ಹೆದರಿದ ಹೆಂಡತಿ. ಇವರಿಂದ ಯಾರಿಗೂ ಹಾನಿಯೇ ಆಗಿಲ್ಲದಿರಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ.

ಕಾನೂನು ಬಿಗಿ ಮಾಡಿದ್ರೆ ಭಯಕ್ಕಾದ್ರೂ ಬಾಯಿ ಬಿಡ್ತಾರೆ. ಹೆಲ್ಮೆಟ್ ದಂಡ ಹಾಕಿದ್ಮೇಲೆ ಹಾಕ್ಕೊಳ್ಳಲ್ವಾ?

ಹೆಲ್ಮೆಟ್ ಇದೆಯೋ ಇಲ್ಲವೋ ಪೊಲೀಸಪ್ಪನಿಗೆ ದೂರದಿಂದಲೇ ಕಾಣುತ್ತದೆ. ಇಲ್ಲಿ ಶಿಕ್ಷೆಗೆ ಆಧಾರವೇ 'ಗೊತ್ತಿತ್ತು' ಎಂಬುದು. ಗೊತ್ತಾಗುವುದು ಪರೀಕ್ಷೆಯಿಂದ. ಪರೀಕ್ಷೆ ಮಾಡಿಸಿಕೊಳ್ಳದವನನ್ನು ಕಾನೂನು ಮುಟ್ಟುವುದಿಲ್ಲ, ಮಾಡಿಸಿಕೊಂಡವನ ಮೇಲೆ ಹೊಣೆ ಬೀಳುತ್ತದೆ. ಹಾಗಾದರೆ ಬುದ್ಧಿವಂತ ಏನು ಮಾಡುತ್ತಾನೆ? ಐಸಿಟಿಸಿ ಕಡೆ ತಲೆ ಹಾಕುವುದಿಲ್ಲ.

ರಕ್ತದಲ್ಲಿ ವೈರಸ್ಸು ಜಾಸ್ತಿ ಇದ್ದು ಹೆಚ್ಚು ಹರಡುವುದು ಸೋಂಕಿರುವುದು ಗೊತ್ತಿಲ್ಲದವರಿಂದ, ಗೊತ್ತಿದ್ದೂ ಚಿಕಿತ್ಸೆಗೆ ಬಾರದವರಿಂದ. ಪರೀಕ್ಷೆಗೆ ಬಂದವರೇ ಮಾತ್ರೆಗೂ ಬರುತ್ತಾರೆ, ಮಾತ್ರೆಗೆ ಬಂದವರಿಂದ ಹರಡುವುದು ನಿಲ್ಲುತ್ತದೆ. ಈ ಸರಪಳಿಯ ಮೊದಲ ಕೊಂಡಿಗೇ ಭಯ ಕಟ್ಟಿದರೆ ನಷ್ಟ ನಮಗೇ. ಕೌನ್ಸೆಲರ್ ಮುಂದೆ ಆಡಿದ ಮಾತು ನಾಳೆ ಸಾಕ್ಷಿಯಾದೀತು ಎಂಬ ಗುಮಾನಿ ಹುಟ್ಟಿದರೂ ಸಾಕು, ಜನ "ಸಂಗಾತಿ ಯಾರೂ ಇಲ್ಲ" ಎಂದು ಬರೆಸಿ ಎದ್ದು ಬರುತ್ತಾರೆ. ಆಗ ಆ ಸಂಗಾತಿಯನ್ನು ಕರೆಸಿ ಪರೀಕ್ಷೆ ಮಾಡಿಸುವ ದಾರಿಯೂ ಹೋಯಿತು.

ಹೆಂಗಸರ ರಕ್ಷಣೆಗೆ ಅಂತಲೇ ಇಂಥ ಕಾನೂನು ಕೇಳೋದು. ಹೆಂಗಸರಿಗೇ ತೊಂದ್ರೆ ಹೇಗಾಗುತ್ತೆ?

ನಮ್ಮ ಹಳ್ಳಿಗಳಲ್ಲಿ ಮನೆಯಲ್ಲಿ ಮೊದಲು ಪರೀಕ್ಷೆಗೆ ಒಳಗಾಗುವವಳು ಬಸುರಿ. ಗಂಡನಿಗಿಂತ ಮುಂಚೆ ಅವಳ ರಕ್ತ ಲ್ಯಾಬಿಗೆ ಹೋಗಿರುತ್ತದೆ. ಅದು ಮಗುವಿನ ಒಳ್ಳೆಯದಕ್ಕೇ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ದಾಟುವ ಸಂಭವ ನೂರಕ್ಕೆ 15ರಿಂದ 45, ಸರಿಯಾದ ಚಿಕಿತ್ಸೆ ಸಿಕ್ಕರೆ 2ಕ್ಕಿಂತ ಕಡಿಮೆ.

ಜಗಳೂರು ಕಡೆಯ ಹಳ್ಳಿಯೋ, ಮೊಳಕಾಲ್ಮೂರಿನ ಮಗ್ಗದ ಮನೆಯೋ, ನಾನು ಕೇಳಿದ ಹಲವು ಕಥೆಗಳು ಒಂದೇ ದಾರಿಯಲ್ಲಿ ನಡೆಯುತ್ತವೆ. ಐದನೇ ತಿಂಗಳಲ್ಲಿ ಸೊಸೆಯ ರಿಪೋರ್ಟು ಪಾಸಿಟಿವ್. ಗಂಡ "ನಂಗೇನೂ ಇಲ್ಲ" ಎಂದು ಲೋಡ್ ತಗೊಂಡು ಹುಬ್ಬಳ್ಳಿ ಕಡೆ ಹೊರಟುಬಿಡುತ್ತಾನೆ, ಪರೀಕ್ಷೆಗೆ ಬರುವುದಿಲ್ಲ. ಅತ್ತೆ "ಮನೆಗೆ ಈ ಶನಿ ತಂದವಳು ಇವಳೇ" ಎನ್ನುತ್ತಾಳೆ. ತವರಿನಲ್ಲಿ ಇನ್ನೂ ಮದುವೆಯಾಗದ ತಂಗಿ ಇದ್ದಾಳೆ, ಅಲ್ಲಿಗೂ ಹೋಗುವಂತಿಲ್ಲ. ಈಗ ಹೇಳದಿರುವುದೇ ಅಪರಾಧ ಎಂಬ ಕಾನೂನು ಇದ್ದರೆ ಆ ಮನೆಯಲ್ಲಿ ಸೋಂಕು 'ಗೊತ್ತಿದ್ದವಳು' ಎಂದು ಕಾಗದದ ಮೇಲೆ ಸಿಗುವುದು ಒಬ್ಬಳೇ. ಕಾಗದ ಇಲ್ಲದ ಗಂಡ ದೂರುದಾರನಾಗುತ್ತಾನೆ.

ಎಚ್‌ಐವಿ ಕಾಯ್ದೆಯ 10ನೇ ಕಲಮಿನಲ್ಲಿ ಹೆಣ್ಣಿಗೆ ವಿನಾಯಿತಿ ಇಟ್ಟವರಿಗೆ ಇದು ಗೊತ್ತಿತ್ತು. ಅವಳಿಗೆ 29ನೇ ಕಲಂ ಇನ್ನೊಂದು ಆಸರೆ ಕೊಟ್ಟಿದೆ, ಸೋಂಕಿದೆ ಎಂಬ ಕಾರಣಕ್ಕೆ ಇರುವ ಮನೆಯಿಂದ ಅವಳನ್ನು ಹೊರಹಾಕುವಂತಿಲ್ಲ.

ಯಾರಿಂದ ಯಾರಿಗೆ ಬಂತು ಅಂತ ಡಿಎನ್‌ಎ ಟೆಸ್ಟಲ್ಲಿ ಗೊತ್ತಾಗಲ್ವಾ?

ಖಚಿತವಾಗಿ ಗೊತ್ತಾಗುವುದಿಲ್ಲ. ಇಬ್ಬರ ವೈರಸ್ಸಿನ ವಂಶಾವಳಿಯನ್ನು ಹೋಲಿಸಿ ನೋಡುವ ವಿಧಾನ ಇದೆ. ತೀರಾ ಬೇರೆ ಬೇರೆ ಇದ್ದರೆ "ಇವನಿಂದ ಬಂದದ್ದಲ್ಲ" ಎಂದು ಹೇಳಬಹುದು. ಹತ್ತಿರದ್ದಾಗಿದ್ದರೆ ಸಂಬಂಧ ಇರಬಹುದು ಎನ್ನಬಹುದು. ಅದರಲ್ಲೂ ಗಂಡನಿಂದ ಹೆಂಡತಿಗೋ, ಹೆಂಡತಿಯಿಂದ ಗಂಡನಿಗೋ, ಇಬ್ಬರಿಗೂ ಮೂರನೆಯವರಿಂದಲೋ ಎಂಬುದನ್ನು ಇದೊಂದರಿಂದಲೇ ನಿರ್ಧರಿಸಲಾಗದು. 2018ರಲ್ಲಿ ಬೇರೆ ಬೇರೆ ದೇಶಗಳ 20 ವಿಜ್ಞಾನಿಗಳು ಕ್ರಿಮಿನಲ್ ಪ್ರಕರಣಗಳಿಗೆಂದೇ ಕೊಟ್ಟ ಜಂಟಿ ಹೇಳಿಕೆಯಲ್ಲಿ ಈ ಮಿತಿಯನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಮೊದಲು ಪರೀಕ್ಷೆ ಮಾಡಿಸಿಕೊಂಡವರೇ ಮೊದಲು ಸೋಂಕಿತರು ಎಂದುಕೊಳ್ಳುವುದು ಹಳ್ಳಿ ಪಂಚಾಯಿತಿಯಲ್ಲೂ ಕೆಲವೊಮ್ಮೆ ಕೋರ್ಟಿನಲ್ಲೂ ಕಾಣುವ ತಪ್ಪು.

ಅಮೆರಿಕ, ಕೆನಡಾದಲ್ಲಿ ಜೈಲಿಗೆ ಹಾಕ್ತಾರಲ್ಲ. ಅವರಿಗೆ ಬುದ್ಧಿ ಇಲ್ವಾ?

ಹಾಕಿದ್ದಾರೆ, ಹಾಕಿ ಕೆಲವರು ಹಿಂದೆಯೂ ಸರಿಯುತ್ತಿದ್ದಾರೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಒಬ್ಬನ ವೈರಲ್ ಲೋಡ್ ಕಾಣದಷ್ಟು ಕಡಿಮೆಯಿತ್ತು, ಕಾಂಡೋಮ್ ಬಳಸಿದ್ದ, ಯಾರಿಗೂ ಸೋಂಕು ತಗುಲಲಿಲ್ಲ. ಹೇಳಲಿಲ್ಲವೆಂದು ಕೊಟ್ಟ ಶಿಕ್ಷೆ 25 ವರ್ಷ! 2014ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು, ಅದೇ ವರ್ಷ ಕಾನೂನೂ ಬದಲಾಯಿತು. ಕ್ಯಾಲಿಫೋರ್ನಿಯಾ 2017ರಲ್ಲಿ ಶಿಕ್ಷೆ ಇಳಿಸಿತು, ಇಲಿನಾಯ್ 2021ರಲ್ಲಿ ಕಾನೂನನ್ನೇ ತೆಗೆಯಿತು.

ಕೆನಡಾದಲ್ಲಿ ಹೇಳದೆ ಸೇರಿದ್ದನ್ನು ಉಗ್ರ ಲೈಂಗಿಕ ದೌರ್ಜನ್ಯ ಎಂದೇ ಎಣಿಸುತ್ತಾ ಬಂದರು. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಹರಡುವ ಸಂಭವ ವಾಸ್ತವವಾಗಿ ಇದ್ದರೆ ಮಾತ್ರ ಹೇಳುವ ಹೊಣೆ ಎಂದು ಗೆರೆ ಎಳೆಯಿತು. ಇಂಗ್ಲೆಂಡಿನಲ್ಲಿ ಅಜಾಗರೂಕತೆಯಿಂದ ಹರಡಿದ ಆರೋಪ, ಸೋಂಕು ನಿಜವಾಗಿ ತಗುಲಿದ್ದರೆ ಮಾತ್ರ ನಿಲ್ಲುತ್ತದೆ, ತಿಳಿದೂ ಒಪ್ಪಿದ್ದರೆ ಅದು ಆರೋಪಿಗೆ ರಕ್ಷಣೆ. ಡೆನ್ಮಾರ್ಕ್ 2011ರಲ್ಲಿ ತನ್ನ ಕಾನೂನನ್ನು ತಡೆಹಿಡಿಯಿತು, ಜಿಂಬಾಬ್ವೆ 2022ರಲ್ಲಿ ರದ್ದು ಮಾಡಿತು. ವಿಶ್ವಸಂಸ್ಥೆಯ ಏಡ್ಸ್ ವಿಭಾಗ 2008ರಲ್ಲೇ, ಸೋಂಕು ಗೊತ್ತಿದ್ದು, ಹರಡಬೇಕೆಂಬ ಉದ್ದೇಶದಿಂದ ಮಾಡಿ, ನಿಜಕ್ಕೂ ಹರಡಿದ್ದರೆ ಮಾತ್ರ ಕ್ರಿಮಿನಲ್ ಕಾನೂನು ಬಳಸಿ ಎಂದಿತ್ತು. ಅವರು ಬಿಟ್ಟು ಬರುತ್ತಿರುವ ದಾರಿಗೆ ನಾವು ಹೊಸದಾಗಿ ಇಳಿಯುವುದು ಬೇಡ.

ವಿಷಯ ಗೊತ್ತಿಲ್ಲದೆ ಕೊಟ್ಟ ಒಪ್ಪಿಗೆ ಒಪ್ಪಿಗೆನೇ ಅಲ್ಲ. ಇದಕ್ಕೆ ಉತ್ತರ ಇದೆಯಾ ನಿಮ್ಮ ಹತ್ರ?

ಚಿತ್ರದುರ್ಗದ ಕಾನೂನು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದು ಇದು. ನನ್ನ ವಾದಕ್ಕೆ ಎದುರಾಗುವ ಗಟ್ಟಿ ಪ್ರಶ್ನೆ ಇದೇ. ನನ್ನ ದೇಹದ ಜೊತೆ ಏನಾಗಬೇಕೆಂದು ನಾನು ತೀರ್ಮಾನಿಸಲು ವಿಷಯ ನನಗೆ ಗೊತ್ತಿರಬೇಕು, ಸಂಭವ ಹತ್ತು ಸಾವಿರಕ್ಕೆ ಎಂಟೋ ಸೊನ್ನೆಯೋ ಲೆಕ್ಕ ಹಾಕಬೇಕಾದವಳು ನಾನು, ಎದುರಿನವನಲ್ಲ ಎಂಬುದು ವಾದ. ನೈತಿಕವಾಗಿ ಇದನ್ನು ಪೂರ್ತಿ ಒಪ್ಪುತ್ತೇನೆ. ಹೇಳಬೇಕು. ಗಟ್ಟಿ ಸಂಬಂಧದಲ್ಲಂತೂ ಹೇಳದಿರುವುದು ದ್ರೋಹ.

ಆದರೆ ದ್ರೋಹಗಳೆಲ್ಲ ಅಪರಾಧಗಳಲ್ಲ. ಮೊದಲ ಮದುವೆಯ ಸಾಲ ಮುಚ್ಚಿಟ್ಟವನು, ಮಕ್ಕಳಾಗುವುದಿಲ್ಲ ಎಂಬುದನ್ನು ಮುಚ್ಚಿಟ್ಟವನು ದ್ರೋಹಿಯೇ. ಅವರಿಗೆ ಕೌಟುಂಬಿಕ ನ್ಯಾಯಾಲಯ ಇದೆ, ಪೊಲೀಸ್ ಠಾಣೆ ಅಲ್ಲ. ಎಚ್‌ಐವಿಗೆ ಮಾತ್ರ ಲಾಕಪ್ಪು ಯಾಕೆ? ಅಪಾಯದಿಂದ ಎಂದರೆ, ಅಪಾಯ ಇರುವಲ್ಲಿ ಶಿಕ್ಷಿಸಿ, ಅದಕ್ಕೆ ಕಲಂ ಇದೆ. ಅಪಾಯವೇ ಇಲ್ಲದಲ್ಲೂ ಶಿಕ್ಷಿಸಬೇಕೆಂದರೆ ಶಿಕ್ಷೆ ಬೀಳುವುದು ಕಾಯಿಲೆಯ ಹೆಸರಿಗೆ. ಕೇಳಿದಾಗ ಸುಳ್ಳು ಹೇಳುವುದು ಸುಮ್ಮನಿರುವುದಕ್ಕಿಂತ ಭಾರವಾದದ್ದು. ಆ ಹುಡುಗಿಗೆ ನನ್ನ ಉತ್ತರ ಪೂರ್ತಿ ರುಚಿಸಲಿಲ್ಲ. ಅಪಾಯ ಎಷ್ಟೆಂದು ತೀರ್ಮಾನಿಸುವ ಅಧಿಕಾರವನ್ನು ನಾನು ಮುಚ್ಚಿಟ್ಟವನ ಕೈಗೇ ಕೊಡುತ್ತಿದ್ದೇನೆ ಎಂದಳು. ಅದರಲ್ಲಿ ಹುರುಳಿದೆ.

ಹೈವೇ ಮೇಲೆ ದಂಧೆ ಮಾಡೋರಿಗೂ ಲಾರಿಯೋರಿಗೂ ಕಠಿಣ ಕಾನೂನು ಬೇಡ್ವಾ? ಹರಡೋದೇ ಅವರಿಂದ ಅಲ್ವಾ?

ರಾಷ್ಟ್ರೀಯ ಹೆದ್ದಾರಿ 48 ನಮ್ಮ ಎರಡೂ ಜಿಲ್ಲೆಗಳ ಹೊಟ್ಟೆಯ ಮೇಲೇ ಹಾದುಹೋಗುವುದರಿಂದ ಈ ಪ್ರಶ್ನೆ ತಪ್ಪುವುದಿಲ್ಲ. ಲೈಂಗಿಕ ವೃತ್ತಿಯ ಮಹಿಳೆಗೆ ಕಾಂಡೋಮ್ ಬೇಡವೆಂದು ಜಾಸ್ತಿ ದುಡ್ಡು ಕೊಡುವವನು ಗಿರಾಕಿ, ಒಪ್ಪದಿದ್ದರೆ ಹೊಡೆಯುವವನೂ ಅವನೇ. ಅವಳು ಹೇಳಿದರೆ ದುಡಿಮೆ ಹೋಗುತ್ತದೆ, ಹೇಳದಿದ್ದರೆ ಜೈಲು ಎಂದಾದರೆ ಆ ಕಾನೂನು ಹಿಡಿದು ಕೂರುವುದು ಹಫ್ತಾ ಕೇಳುವವರ ಕೈಯಲ್ಲಿ. ಕಾಂಡೋಮ್ ಹಂಚಿ, ತಪಾಸಣೆಗೆ ಕರೆತಂದು, ಗೆಳತಿಯರೇ ಗೆಳತಿಯರಿಗೆ ತಿಳಿಹೇಳುವ ಕೆಲಸ ಕರ್ನಾಟಕದಲ್ಲಿ ವರ್ಷಗಳಿಂದ ನಡೆದಿದೆ. ಸೋಂಕು ಇಳಿದದ್ದರಲ್ಲಿ ಅದರ ಪಾಲು ದೊಡ್ಡದು, ಲಾಠಿಯದ್ದಲ್ಲ.

ಸರಿ, ನಿಮ್ಮ ಕೈಗೆ ಪೆನ್ನು ಕೊಟ್ರೆ ಏನು ಬರೀತೀರಿ?

ಹೊಸ ಅಪರಾಧ ಬರೆಯುವುದಿಲ್ಲ. 271, 272ನ್ನು ಎಚ್‌ಐವಿ ಪ್ರಕರಣದಲ್ಲಿ ಹೇಗೆ ಬಳಸಬೇಕೆಂದು ಪೊಲೀಸರಿಗೂ ಸರ್ಕಾರಿ ವಕೀಲರಿಗೂ ಒಂದು ಸುತ್ತೋಲೆ ಬರೆಯುತ್ತೇನೆ. ವೈರಲ್ ಲೋಡ್ ಇಳಿದಿದ್ದರೆ, ಕಾಂಡೋಮ್ ಬಳಸಿದ್ದರೆ ಪ್ರಕರಣ ಬೇಡ. ಹಿಂಸೆಯ ಭಯವಿದ್ದ ಹೆಣ್ಣಿನ ಮೇಲೆ ಬೇಡ. ಗೊತ್ತಿದ್ದೂ, ಚಿಕಿತ್ಸೆ ಬಿಟ್ಟು, ಸುಳ್ಳು ಹೇಳಿ, ಹರಡಿದವನ ಮೇಲೆ ಹಿಂಜರಿಯದೆ ಹಾಕಿ. ಸ್ಟೇಷನ್ನಿನ ರೈಟರು ರಿಪೋರ್ಟನ್ನು ಮೇಜಿನ ಮೇಲೆ ಬಿಡಿಸಿ ಇಟ್ಟುಕೊಳ್ಳಬಾರದು ಎಂಬುದನ್ನೂ ಅದರಲ್ಲೇ ಸೇರಿಸುತ್ತೇನೆ, ನಕ್ಕರೂ ಪರವಾಗಿಲ್ಲ.

## ಈಗ ನಾನೇನು ಮಾಡ್ಲಿ

ನಂಗೇ ಪಾಸಿಟಿವ್. ಒಂದ್ ಹುಡುಗಿ ಒಪ್ಕೊಂಡಿದಾಳೆ, ಅವಳಿಗಿನ್ನೂ ಹೇಳಿಲ್ಲ. ಹೇಗೆ ಹೇಳ್ಲಿ?

ನಿಶ್ಚಿತಾರ್ಥಕ್ಕೆ ಮುಂಚೆ ಹೇಳಿ. ಆಮೇಲೆ ಹೇಳುವ ಪ್ರತಿ ದಿನವೂ ಕಷ್ಟ ಹೆಚ್ಚು, ಸೀರೆ ತಂದಾದ ಮೇಲೆ ಎರಡೂ ಮನೆಯವರ ಬಾಯಿ ನಡುವೆ ಬರುತ್ತದೆ. ಮೊದಲು ಒಬ್ಬರೇ ನಿಮ್ಮ ಕೌನ್ಸೆಲರ್ ಹತ್ತಿರ ಹೋಗಿ, ಇತ್ತೀಚಿನ ವೈರಲ್ ಲೋಡ್ ಚೀಟಿ ತೆಗೆದುಕೊಳ್ಳಿ. ಹುಡುಗಿಗೆ ಮೆಸೇಜಿನಲ್ಲಿ ಬರೆಯಬೇಡಿ, ಸ್ಕ್ರೀನ್‌ಶಾಟು ಊರು ಸುತ್ತುತ್ತದೆ. ಎದುರಿಗೆ ಕೂತು ಹೇಳಿ, ಆ ದಿನವೇ ಉತ್ತರ ಕೇಳಬೇಡಿ. ಅವಳು ಬಯಸಿದರೆ ಇಬ್ಬರೂ ಒಟ್ಟಿಗೆ ಕೌನ್ಸೆಲರ್ ಹತ್ತಿರ ಹೋಗಬಹುದು, ಅವಳ ಪ್ರಶ್ನೆಗಳಿಗೆ ನಿಮಗಿಂತ ಅವರು ಚೆನ್ನಾಗಿ ಉತ್ತರಿಸುತ್ತಾರೆ. ಬೇಡವೆಂದರೆ ಅದು ಅವಳ ಹಕ್ಕು. ಆದರೆ ನಿಮ್ಮ ವಿಷಯವನ್ನು ಬೇರೆಯವರಿಗೆ ಹಂಚುವ ಹಕ್ಕು ಅವಳಿಗಿಲ್ಲ, ವಿಶ್ವಾಸದಲ್ಲಿ ಹೇಳಿದ್ದನ್ನು ಎಚ್‌ಐವಿ ಕಾಯ್ದೆಯ 8ನೇ ಕಲಂ ಕಾಯುತ್ತದೆ. ಇದನ್ನು ಬೆದರಿಕೆಯಾಗಿ ಅಲ್ಲ, ವಿನಂತಿಯಾಗಿ ಹೇಳಿ.

ಈಗಾಗಲೇ ಸೇರಿದ್ದು, ಕಾಂಡೋಮ್ ಇರಲಿಲ್ಲ, ವೈರಲ್ ಲೋಡ್ ಎಷ್ಟೆಂದು ಗೊತ್ತಿಲ್ಲ ಎಂದಾದರೆ ಮಾತು ಬೇರೆ. ಅವಳಲ್ಲಿ ಸೋಂಕು ಕೂರದಂತೆ ತಡೆಯುವ ಔಷಧ ಇದೆ, ಸೇರಿದ 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗಬೇಕು. ಬೇಗ ಆದಷ್ಟೂ ಒಳ್ಳೆಯದು. ಆಗ ಸಮಯ ನೋಡಿ ಹೇಳುತ್ತೇನೆ ಅಂತ ಕಾಯಬೇಡಿ, ಇವತ್ತೇ ಹೇಳಿ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ. ಮೊದಲು ಯಾರನ್ನಾದರೂ ಕೇಳಬೇಕೆನಿಸಿದರೆ 1097ಕ್ಕೆ ಫೋನ್ ಮಾಡಿ, ಉಚಿತ.